ಹಾಪ್‌ಕಿಂಟನ್‌ನಿಂದ ಬಾಸ್ಟನ್‌ಗೆ: ತಂದೆ-ಮಗ ಓಡಿದ ದಾರಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾಪ್‌ಕಿಂಟನ್ ಎಂಬ ಸಣ್ಣ ಊರಿದೆ. ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಅಲ್ಲಿ ಸಾವಿರಾರು ಓಟಗಾರರು ಸೇರುತ್ತಾರೆ. ಅಲ್ಲಿಂದ ಆರು ಊರುಗಳನ್ನು ದಾಟಿ ಬಾಸ್ಟನ್ ನಗರ ಸೇರುವ 42 ಕಿಲೋಮೀಟರಿಗೂ ಮಿಕ್ಕಿದ ಓಟವೇ ಬಾಸ್ಟನ್ ಮ್ಯಾರಥಾನ್. 1897ರಲ್ಲಿ ಆರಂಭವಾದ ಈ ಓಟದಲ್ಲಿ 1989ರಿಂದ ಸೇವಾಸಂಸ್ಥೆಗಳಿಗಾಗಿ ಹಣ ಕೂಡಿಸುವವರಿಗೂ ಸ್ಥಾನವಿದೆ.

ಓಟ ಹೊರಡುವ ಜಾಗದ ಹತ್ತಿರ ಒಂದು ಕಂಚಿನ ಪ್ರತಿಮೆಯಿದೆ. ಗಾಲಿಕುರ್ಚಿಯಲ್ಲಿ ಮಗ, ಅದನ್ನು ತಳ್ಳುತ್ತಾ ಓಡುವ ತಂದೆ. ತಂದೆ ಡಿಕ್ ಹಾಯ್ಟ್, ಮಗ ರಿಕ್.

ರಿಕ್ ಹುಟ್ಟಿದ್ದು 1962ರಲ್ಲಿ. ಹೆರಿಗೆಯ ವೇಳೆ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿ ಮಿದುಳಿಗೆ ಆಮ್ಲಜನಕ ಸಾಲದೆ, ಕೈಕಾಲುಗಳು ಸ್ವಾಧೀನ ತಪ್ಪಿದವು, ಮಾತೂ ಬರಲಿಲ್ಲ. ಮಗುವನ್ನು ಯಾವುದಾದರೂ ಸಂಸ್ಥೆಗೆ ಸೇರಿಸಿಬಿಡಿ ಎಂದರು ವೈದ್ಯರು. ಡಿಕ್ ಮತ್ತು ಜೂಡಿ ದಂಪತಿ ಒಪ್ಪಲಿಲ್ಲ. ಮನೆಗೇ ಕರೆತಂದು ಸಾಕಿದರು. 1972ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಇಂಜಿನಿಯರುಗಳು ತಲೆಯಾಡಿಸಿ ಅಕ್ಷರ ಆರಿಸುವ ಕಂಪ್ಯೂಟರೊಂದನ್ನು ಮಾಡಿಕೊಟ್ಟಾಗ ರಿಕ್‌ಗೆ ಮಾತು ಬಂದಂತಾಯಿತು.

1977ರಲ್ಲಿ ಅಪಘಾತದಿಂದ ನಡೆದಾಡಲಾಗದಂತಾದ ಒಬ್ಬ ಯುವ ಆಟಗಾರನ ನೆರವಿಗೆಂದು ಐದು ಮೈಲಿಯ ಓಟವೊಂದು ಏರ್ಪಾಡಾಯಿತು. ತಾನೂ ಆ ಓಟದಲ್ಲಿ ಪಾಲ್ಗೊಳ್ಳಬೇಕೆಂದು ರಿಕ್ ತಂದೆಯನ್ನು ಕೇಳಿದ. ನಲವತ್ತರ ಹತ್ತಿರವಿದ್ದ ಡಿಕ್‌ಗೆ ದೂರದ ಓಟದ ಅಭ್ಯಾಸವಿರಲಿಲ್ಲ. ಆದರೂ ಮಗನ ಕುರ್ಚಿ ತಳ್ಳಿಕೊಂಡು ಕೊನೆಯವರೆಗೂ ಓಡಿದರು. ಕೊನೆಯಿಂದ ಎರಡನೆಯವರಾಗಿ ಮುಟ್ಟಿದರು. ಓಡುವಾಗ ತನಗೆ ಅಂಗವೈಕಲ್ಯವೇ ಇಲ್ಲವೆನಿಸಿತೆಂದು ರಿಕ್ ಆಮೇಲೆ ಕಂಪ್ಯೂಟರಿನಲ್ಲಿ ತಿಳಿಸಿದ. ಆ ಮಾತಿನ ಮೇಲೆ ತಂದೆ ಓಟ ನಿಲ್ಲಿಸಲೇ ಇಲ್ಲ.

ಹಾಪ್‌ಕಿಂಟನ್‌ನಿಂದ ದಾರಿ ಮೊದಲು ಇಳಿಜಾರು. ಅರ್ಧ ದಾರಿಯಲ್ಲಿ ವೆಲ್ಸ್‌ಲಿ ಕಾಲೇಜಿನ ವಿದ್ಯಾರ್ಥಿನಿಯರು ಸಾಲಾಗಿ ನಿಂತು ಕೂಗಿ ಹುರಿದುಂಬಿಸುತ್ತಾರೆ. ಕಾಲು ಸೋತುಹೋಗುವ ಹೊತ್ತಿಗೆ ಸರಿಯಾಗಿ ನ್ಯೂಟನ್ನಿನ ಏರುಗಳು ಎದುರಾಗುತ್ತವೆ. ಕೊನೆಯ ಏರಿನ ಹೆಸರು ‘ಹಾರ್ಟ್‌ಬ್ರೇಕ್ ಹಿಲ್’, ಎದೆಯೊಡೆಯುವ ಗುಡ್ಡ. ಒಬ್ಬಂಟಿಗನಿಗೇ ಕಷ್ಟವಾದ ಈ ಏರನ್ನು ಡಿಕ್ ಬೆಳೆದ ಮಗನನ್ನು ತಳ್ಳಿಕೊಂಡು ಹತ್ತುತ್ತಿದ್ದರು. ಗುಡ್ಡ ದಾಟಿದರೆ ಯೇಸುಸಭೆಯವರ ಬಾಸ್ಟನ್ ಕಾಲೇಜು. 1993ರಲ್ಲಿ ಪದವಿ ಪಡೆದ ರಿಕ್ ಮುಂದೆ ಇದೇ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ, ತನ್ನಂಥವರಿಗೆ ನೆರವಾಗುವ ಸಾಧನಗಳ ಕೆಲಸದಲ್ಲಿ ಕೈಜೋಡಿಸಿದ.

ಮೊದಮೊದಲು ಸಂಘಟಕರು ಈ ಜೋಡಿಗೆ ಅಧಿಕೃತ ಪ್ರವೇಶ ಕೊಟ್ಟಿರಲಿಲ್ಲ. ಕೊನೆಗೆ ಅವರು ಬಾಸ್ಟನ್ ಓಟವನ್ನು 32 ಬಾರಿ ಓಡಿದರು. 2013ರ ಓಟದ ದಿನ ಗುರಿಯ ಬಳಿ ಬಾಂಬುಗಳು ಸಿಡಿದು ಮೂವರು ಸತ್ತರು. ಇವರನ್ನು ಸುಮಾರು ಒಂದು ಮೈಲಿ ಹಿಂದೆಯೇ ತಡೆಯಲಾಯಿತು. 2014ರಲ್ಲಿ 73ರ ಹರೆಯದ ತಂದೆ ಮಗನೊಂದಿಗೆ ಮರಳಿ ಬಂದು ಗುರಿ ಮುಟ್ಟಿದರು. ಡಿಕ್ 2021ರಲ್ಲಿ, ರಿಕ್ 2023ರಲ್ಲಿ ದೈವಾಧೀನರಾದರು.

ಪ್ರಿಯ ಓದುಗರೇ, ಈ ಕಥೆಯಲ್ಲಿ ತಂದೆಯ ತ್ಯಾಗ ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಆದರೆ 1977ರ ಆ ಓಟದ ಹಣ ರಿಕ್‌ಗೆ ಸೇರಬೇಕಾಗಿದ್ದಲ್ಲ. ನಡೆಯಲಾಗದ, ಮಾತನಾಡಲಾಗದ ಹುಡುಗ ಇನ್ನೊಬ್ಬರಿಗೆ ನೆರವಾಗಲು ಹೊರಟಿದ್ದ. ನಾವು ವಿಕಲಚೇತನರನ್ನು ಪಡೆಯುವವರೆಂದೇ ಎಣಿಸುತ್ತೇವೆ. ಕೊಡುವ ಆಸೆ ಅವರಿಗೂ ಇದೆಯೆಂಬುದನ್ನು ಮರೆಯುತ್ತೇವೆ.

ಕಫೆರ್ನವುಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಮಾಡು ತೆಗೆದು ಯೇಸುಸ್ವಾಮಿಯ ಮುಂದೆ ಇಳಿಸಿದ್ದನ್ನು ಸಂತ ಮಾರ್ಕರು ಬರೆದಿದ್ದಾರೆ. ಅವರು ಅವನನ್ನು ಒಳಗೆ ತಲುಪಿಸಿದರು. ಅಲ್ಲಿಂದ ಅವನು ಹಾಸಿಗೆ ಹೊತ್ತು ತಾನೇ ನಡೆದುಹೋದನು. ಸೊಲ್ಲಾಪುರದ ಕಡೆಯವರಿಗೆ ಒಂದು ರಾತ್ರಿಯ ರೈಲು ದೂರದ ಮುಂಬಯಿಯಲ್ಲಿ, 2004ರಲ್ಲಿ ಆರಂಭವಾದ ಮ್ಯಾರಥಾನಿನಲ್ಲೂ ವಿಕಲಚೇತನರಿಗೆಂದೇ ಒಂದು ಓಟವಿದೆ. ಅಷ್ಟು ದೂರ ಹೋಗಲಾಗದಿದ್ದರೂ ಚಿಂತೆಯಿಲ್ಲ. ನಮ್ಮ ದೇವಾಲಯದ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಏರುವಂಥ ಒಂದು ಇಳಿಜಾರು ಕಟ್ಟಿಸೋಣ. ಅದನ್ನು ಏರಿ ಬಂದವರಿಗೆ ಮುಂದಿನ ಭಾನುವಾರದ ವಾಚನ ಓದಲು ಕೊಡೋಣ. ಹಬ್ಬದ ಕಾಣಿಕೆ ಯಾರ ನೆರವಿಗೆ ಹೋಗಬೇಕೆಂದು ಅವರನ್ನೂ ಕೇಳೋಣ.