ಗೇಟು ತೆಗೆದ ಸಿಸ್ಟರ್

ನಿನ್ನೆ ರಾತ್ರಿ ಅಜ್ಜಿಯನ್ನ ಚರ್ಚಿಗೆ ಕರ್ಕೊಂಡು ಹೋಗಿದ್ದೆ. ನಾನು ದೇವರನ್ನ ನಂಬೋನಲ್ಲ, ನಿಮಗೆಲ್ಲ ಗೊತ್ತು. ಆದ್ರೆ ಎಂಬತ್ತು ದಾಟಿದ ಅಜ್ಜಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ, ಕೈ ಹಿಡಿಯೋಕೆ ಒಬ್ಬರು ಬೇಕು. ಗೋದಲಿ ಮುಂದೆ ನಿಂತು ಅವಳು ಕಣ್ಣು ಮುಚ್ಚಿದ್ಲು. ಪಕ್ಕದಲ್ಲಿದ್ದ ನನ್ನ ತಲೆಯೊಳಗೆ ಪ್ರತಿ ವರ್ಷದ ಹಾಗೆ ಕೀಳ್ವೆಣ್ಮಣಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. 1968ರ ಡಿಸೆಂಬರ್ 25ರ ರಾತ್ರಿ, ತಮಿಳುನಾಡಿನ ಆಗಿನ ತಂಜಾವೂರು ಜಿಲ್ಲೆಯ ಹಳ್ಳಿ. ದಲಿತ ಕೂಲಿಗಳು ಕೇಳಿದ್ದು ಭತ್ತದ ಕೂಲಿಯಲ್ಲಿ ಸ್ವಲ್ಪ ಹೆಚ್ಚಳ. ಕೆಂಬಾವುಟ ಇಳಿಸಿ ಅಂದ್ರು, ಇಳಿಸಲಿಲ್ಲ. ಭೂಮಾಲೀಕರ ಗುಂಪು ನುಗ್ಗಿದಾಗ ಓಡೋಕಾಗದ ಹೆಂಗಸರು, ಮಕ್ಕಳು, ಮುದುಕರು ಒಂದು ಸಣ್ಣ ಗುಡಿಸಲೊಳಗೆ ಸೇರ್ಕೊಂಡ್ರು. ಬಾಗಿಲನ್ನ ಹೊರಗಿನಿಂದ ಭದ್ರ ಮಾಡಿ ಬೆಂಕಿ ಇಟ್ಟರು. 44 ಜನ. ಕಾರು ಇಟ್ಕೊಂಡಿರೋ ಶ್ರೀಮಂತರು ತಾವೇ ನಡ್ಕೊಂಡು ಹೋಗಿ ಗುಡಿಸಲು ಸುಟ್ಟರು ಅಂದ್ರೆ ನಂಬೋದು ಕಷ್ಟ ಅನ್ನೋ ಅರ್ಥದಲ್ಲಿ ಬರೆದು ಮದ್ರಾಸ್ ಹೈಕೋರ್ಟು ಅವರನ್ನ ಬಿಟ್ಟಿತು.

ಕಾಲೇಜಲ್ಲಿದ್ದಾಗ ಇದನ್ನ ಓದಿ ಬಂದು ಅಜ್ಜಿ ಮೇಲೆ ಎಗರಾಡಿದ್ದೆ. 'ಆವತ್ತು ಎಲ್ಲಿದ್ದ ನಿನ್ನ ಯೇಸು?' ಅಜ್ಜಿ ಸೊಪ್ಪು ಬಿಡಿಸ್ತಾ ಕೂತಿದ್ಲು. ಎಷ್ಟೋ ಹೊತ್ತಾದ ಮೇಲೆ, 'ಹೆರೋದ ಕೊಲ್ಲಿಸಿದ ಕೂಸುಗಳ ತಾಯಂದಿರೂ ಇದನ್ನೇ ಕೇಳಿರ್ತಾರೆ ಕಣೋ' ಅಂದ್ಲು. ಕ್ರಿಸ್‌ಮಸ್ ಕಥೆಯಲ್ಲಿ ಈ ಭಾಗ ಇದೆ. ಸ್ಟಾರು, ಕೇಕಿನ ನಡುವೆ ಯಾರೂ ನೆನಪಿಸಲ್ಲ. ಬೆತ್ಲೆಹೇಮಿನ ಕೂಸುಗಳು ಸತ್ತವು, ಯೇಸುವಿನ ಅಪ್ಪ ಅಮ್ಮ ರಾತ್ರೋರಾತ್ರಿ ಮಗೂನ ಎತ್ಕೊಂಡು ಈಜಿಪ್ಟಿಗೆ ಓಡಿದ್ರು.

ಅಜ್ಜಿಯೂ ಹಾಗೆ ಓಡಿದೋಳೇ. ನಮ್ಮಮ್ಮನಿಗೆ ಆಗ ಎರಡು ವರ್ಷ. ಬೇಸಿಗೇಲಿ ನಮ್ಮ ಕೇರಿ ಹುಡುಗರು ಊರ ಬಾವಿಯ ನೀರು ಸೇದಿದ್ರು ಅಂತ ರಾತ್ರಿ ದೊಣ್ಣೆ ಹಿಡ್ಕೊಂಡು ಬಂದ್ರು. ಅಜ್ಜಿ ಮಗೂನ ಕಂಕುಳಲ್ಲಿ ಇಟ್ಕೊಂಡು ಹೊಲದ ಬದು ಹಿಡಿದು ಎರಡು ಮೈಲಿ ಓಡಿ, ಸಿಸ್ಟರ್‌ಗಳ ಸ್ಕೂಲಿನ ಗೇಟು ಬಡಿದ್ಲು. ವಯಸ್ಸಾದ ಒಬ್ಬ ಸಿಸ್ಟರ್ ಲಾಟೀನು ಹಿಡ್ಕೊಂಡು ಬಂದು ತೆಗೆದ್ರು. ಏನು, ಯಾರು ಅಂತ ಕೇಳಲಿಲ್ಲವಂತೆ. ಹಿಂದೆ ಬಂದವರು 'ಹೊರಗೆ ಕಳ್ಸಿ' ಅಂತ ಗೇಟು ಅಲ್ಲಾಡಿಸಿದಾಗ ಅಲ್ಲೇ ಒಂದು ಕುರ್ಚಿ ಹಾಕ್ಕೊಂಡು ಕೂತ್ರು. ಕೈಯಲ್ಲಿ ಜಪಸರ. ಬೆಳಗಾಗೋವರೆಗೂ ಏಳಲಿಲ್ಲ.

ದೇವರು ಕಾಪಾಡಿದ ಅಂತಾಳೆ ಅಜ್ಜಿ. ಸಿಸ್ಟರ್ ಕಾಪಾಡಿದ್ರು ಅಂತೀನಿ ನಾನು. 'ಎರಡೂ ಒಂದೇ ಅಲ್ವೇನೋ' ಅಂತ ಬಾಯಿ ಮುಚ್ಚಿಸ್ತಾಳೆ. ಕೇರಿಯಲ್ಲೇ ಉಳಿದ ತಾತನ ಕಾಲು ಮುರಿದಿದ್ರು. ಸಾಯೋವರೆಗೂ ಕುಂಟಿದ, ಒಂದು ದಿನವೂ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ತಾತನ್ನ ಯಾಕೆ ಕಾಪಾಡಲಿಲ್ಲ ಅಂತ ಅಜ್ಜಿಯನ್ನ ಕೇಳೋ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಚರ್ಚೇನು ಸ್ವರ್ಗ ಅಲ್ಲ. ಅಲ್ಲೂ ಜಾತಿ ಇದೆ, ಸಮಾಧಿ ಜಾಗದಲ್ಲೂ ಇದೆ. ಪರಿಶಿಷ್ಟ ಜಾತಿಗಳ 1950ರ ಆದೇಶ ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೀತು, ಕ್ರೈಸ್ತ ದಲಿತರಿಗೆ ಇನ್ನೂ ತೆರೆದಿಲ್ಲ. ಅದಕ್ಕೇ ಅಜ್ಜಿ ಚರ್ಚಲ್ಲಿ ಒಂದು ಹೆಸರು, ಕಾಗದದಲ್ಲಿ ಇನ್ನೊಂದು.

ಪೂಜೆ ಮುಗಿಸಿ ಬರ್ತಾ ದಾರೀಲಿ ಅವಳಿಗೆ ಮಹಾಡ್ ಬಗ್ಗೆ ಹೇಳಿದೆ. 1927ರ ಇದೇ ಡಿಸೆಂಬರ್ 25ಕ್ಕೆ ಬಾಬಾಸಾಹೇಬರು ಅಲ್ಲಿ ಮನುಸ್ಮೃತಿ ಸುಟ್ಟಿದ್ದು, ಸಮ್ಮೇಳನಕ್ಕೆ ಬೇರೆ ಯಾರೂ ಜಾಗ ಕೊಡದಿದ್ದಾಗ ಫತ್ತೆ ಖಾನ್ ಅನ್ನೋ ಮುಸ್ಲಿಂ ತನ್ನ ಜಾಗ ಕೊಟ್ಟಿದ್ದು. ಅಜ್ಜಿ ನಕ್ಕಳು. 'ಹಂಗಾದ್ರೆ ಅವನೂ ಸಿಸ್ಟರೇ ಬಿಡು.'

ಮನೆ ಹತ್ರ ಬಂದಾಗ ಅವಳೇ ಕೇಳಿದ್ಲು. 'ಆ ಗುಡಿಸಲಲ್ಲಿ ಇದ್ದೋರ ಹೆಸರು ಬರ್ಕೊಡೋ. ಫಾದರ್ ಹತ್ರ ಓದಿಸ್ತೀನಿ, ಅಷ್ಟೂ ಹೆಸರು.'

ಬೆಳಗ್ಗೆಯಿಂದ ಬರೀತಾ ಕೂತಿದೀನಿ. ತಮಿಳು ಓದೋಕೆ ಬರೋ ಗೆಳೆಯರು ಯಾರಾದ್ರೂ ಇದ್ರೆ ಫೋನ್ ಮಾಡಿ, ಹೆಸರುಗಳ ಉಚ್ಚಾರಣೆ ಸರಿ ಮಾಡ್ಕೋಬೇಕು.

ಜೈ ಭೀಮ್.