ಭಾವನವರನ್ನೂ ಒಂದು ಮಾತು ಕೇಳಿದ್ರು

ರಾಗಿ ಕಟಾವಿನ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಇವತ್ತು ಬೆಳೆ ವಿಷಯ ಅಲ್ಲ.

ನಮ್ಮ ಭಾವನವರಿಗೆ ಅನ್ನನಾಳದ ಕ್ಯಾನ್ಸರ್. ಗೊತ್ತಾಗೋ ಹೊತ್ತಿಗೆ ಲಿವರ್‌ಗೂ ಹರಡಿತ್ತು. ಅವರ ಮಕ್ಕಳು ಡಾಕ್ಟ್ರನ್ನ ಮೊದಲು ಕೇಳಿಕೊಂಡಿದ್ದೇ "ಅಪ್ಪಂಗೆ ಹೇಳಬೇಡಿ" ಅಂತ. ಪ್ರೀತಿಯಿಂದಲೇ ಅಂದಿದ್ದು. ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ನಡೆಯೋದು. ಗ್ಯಾಸ್ಟ್ರಿಕ್ ಹುಣ್ಣು ಅನ್ನೋದು, ರಿಪೋರ್ಟು ಬಚ್ಚಿಡೋದು, ಕಾಯಿಲೆಯವರನ್ನ ಹೊರಗೆ ಕೂರಿಸಿ ಒಳಗೆ ನಾವು ನಾಲ್ಕು ಜನ ತೀರ್ಮಾನ ಮಾಡೋದು. ಎಲೆ ಬಣ್ಣ ನೋಡಿ ರೋಗ ಹೇಳ್ತಿದ್ದ ಮನುಷ್ಯನಿಗೆ ತನ್ನ ಮೈ ಇಳೀತಿರೋದು ತಿಳಿಯೋದಿಲ್ವಾ?

ಆ ಡಾಕ್ಟ್ರಮ್ಮ ಒಪ್ಪಲಿಲ್ಲ. "ಎಷ್ಟು ತಿಳ್ಕೋಬೇಕು ಅಂತ ಅವರನ್ನೇ ಕೇಳ್ತೀನಿ, ಅಷ್ಟೇ ಹೇಳ್ತೀನಿ" ಅಂದ್ರು. ಕೇಳಿದಾಗ ಭಾವ, "ವಾಸಿಯಾಗೋದಲ್ಲ ಅಂತ ಗೊತ್ತಮ್ಮ, ಮುಂದೇನು ಹೇಳಿ" ಅಂದ್ರು.

ಕೀಮೋದಿಂದ ಪೂರ್ತಿ ಗುಣ ಆಗೋದಿಲ್ಲ, ಕಾಯಿಲೆ ಸ್ವಲ್ಪ ದಿನ ತಡೆದೀತು, ಸುಸ್ತು ವಾಂತಿ ಇರ್ತದೆ. ಬೇಡ ಅಂದ್ರೆ ನುಂಗೋಕೆ ಅನುಕೂಲ ಆಗೋಹಾಗೆ ಅನ್ನನಾಳಕ್ಕೆ ಸ್ಟೆಂಟ್ ಹಾಕಿ, ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟು ಮನೇಲೇ ನೋಡ್ಕೋಬಹುದು. ಹೀಗೆ ಬಿಡಿಸಿ ಹೇಳಿದ್ರು. ಮಕ್ಕಳು ಜಮೀನು ಅಡ ಇಡೋಕೂ ತಯಾರಿದ್ರು. ಭಾವ ಹೇಳಿದ್ದು: "ಎರಡು ಸಲ ಕೀಮೋ ನೋಡ್ತೀನಿ. ಮೈ ತಡೀಲಿಲ್ಲ ಅಂದ್ರೆ ನಿಲ್ಲಿಸ್ತೀನಿ. ಜಮೀನು ಮುಟ್ಟಬೇಡಿ."

ಎರಡಾದ್ಮೇಲೆ ನಿಲ್ಲಿಸಿದ್ರು. ಆಮೇಲೆ ಮೂರು ತಿಂಗಳಿದ್ರು. ಗಂಜಿ ಕುಡ್ಕೊಂಡು ಜಗಲಿ ಮೇಲೆ ಕೂತೇ ಖಾತೆ ಭಾಗ ಮಾಡಿಸಿದ್ರು, ಸೊಸೈಟಿ ಸಾಲದ ಲೆಕ್ಕ ಹೇಳಿದ್ರು, ಮಾತು ಬಿಟ್ಟಿದ್ದ ತಮ್ಮನ್ನ ಕರೆಸಿ ಮಾತಾಡಿದ್ರು. ಮುಚ್ಚಿಟ್ಟಿದ್ರೆ ಇದ್ಯಾವುದೂ ಆಗ್ತಿರಲಿಲ್ಲ.

ಎಲ್ಲರೂ ಭಾವನ ಹಾಗೇ ಮಾಡಬೇಕು ಅಂತ ಅಲ್ಲ. ಒಬ್ಬರು ಪೂರ್ತಿ ಕೀಮೋ ಬೇಕು ಅನ್ನಬಹುದು. ಇನ್ನೊಬ್ಬರು "ನಂಗೇನೂ ಹೇಳಬೇಡಿ, ಮಗನಿಗೆ ಹೇಳಿ" ಅನ್ನಬಹುದು, ಅದೂ ಅವರ ತೀರ್ಮಾನವೇ. ಆದ್ರೆ ಒಂದು ಮಾತು ಕೇಳಬೇಕು.

ಆಸ್ಪತ್ರೆಗೆ ಹೋದಾಗ ಇಷ್ಟು ಕೇಳಿ: ಈ ಚಿಕಿತ್ಸೆ ವಾಸಿಗೋ, ದಿನ ಮುಂದೂಡೋಕೋ, ನೋವು ಕಮ್ಮಿಗೋ? ತಗೊಂಡ್ರೆ ಏನಾಗ್ತದೆ, ಬಿಟ್ರೆ ಏನಾಗ್ತದೆ? ಎಷ್ಟು ದಿನ ಓಡಾಟ? ನೋವು ನಿವಾರಣೆಯ ಉಪಶಮನ ಆರೈಕೆ ಅಂದ್ರೆ ಕೈಬಿಟ್ರು ಅಂತಲ್ಲ, ಕೀಮೋ ಜೊತೆಗೂ ಕೊಡ್ತಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರ್‌ನವರನ್ನ ಹಣ ತಗೊಳ್ಳದೆ ನೋಡ್ಕೋತಾರೆ.

ಇನ್ನೊಂದು ವಿಷಯ. ವಾಸಿಯಾಗೋ ಆಸೆ ಇಲ್ಲದ ಸ್ಥಿತೀಲಿ ವೆಂಟಿಲೇಟರ್‌ನಂಥದ್ದು ಬೇಡ ಅಂತ ಮೊದಲೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2023ರಲ್ಲಿ ಅದನ್ನ ಸುಲಭ ಮಾಡಿದೆ. ಇಬ್ಬರು ಸಾಕ್ಷಿ ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ ಆಗಬೇಕು.

ನಿಮ್ಮನೇಲಿ ಇಂಥ ಕಾಯಿಲೆಯವರಿದ್ರೆ, ಇವತ್ತು ಸಂಜೆ ಪಕ್ಕದಲ್ಲಿ ಕೂತು, "ನಿಮಗೆ ಏನನ್ಸುತ್ತೆ?" ಅಂತ ಕೇಳಿ.