ಟ್ಯುಟೋರಿಯಲ್ ಮುಗೀತು, ಮುಂದೇನು?

ಜಾಂಗೋ ಟ್ಯುಟೋರಿಯಲ್ ಮುಗಿಸಿದವರು 'ಮುಂದೇನು?' ಎಂದು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ: ಬೇರೆಯವರ ಕೋಡ್ ಓದಿ. ಸಾವಿರಾರು ಜನ ಬಳಸುತ್ತಿರುವ ಸೈಟನ್ನು ನಿಲ್ಲಿಸದೆ ಅದರ ಡೇಟಾಬೇಸ್ ಟೇಬಲ್ ಬದಲಿಸುವುದು ಹೇಗೆಂದು ಯಾವ ಟ್ಯುಟೋರಿಯಲ್ಲೂ ಸರಿಯಾಗಿ ಕಲಿಸುವುದಿಲ್ಲ.

ಗಿಟ್‌ಹಬ್‌ನಲ್ಲಿ ಸ್ಟಾರ್ ನೋಡಿ ಪ್ರಾಜೆಕ್ಟ್ ಆರಿಸಬೇಡಿ. ಸ್ಟಾರ್ ಹೇಳುವುದು ಜನಪ್ರಿಯತೆಯನ್ನು, ಕೋಡಿನ ಗುಣವನ್ನಲ್ಲ. ಮೊದಲು ಟೆಸ್ಟ್‌ಗಳ ಫೋಲ್ಡರ್ ತೆರೆಯಿರಿ. ಆಮೇಲೆ ಮೈಗ್ರೇಶನ್‌ಗಳು. ಅದಾದ ಮೇಲೆ ಪುಲ್ ರಿಕ್ವೆಸ್ಟ್‌ಗಳಲ್ಲಿ ನಡೆದ ಚರ್ಚೆ. ಯಾವ ದಾರಿಯನ್ನು ಯಾಕೆ ಕೈಬಿಟ್ಟರು ಅನ್ನುವುದು ಕೋಡಿನಲ್ಲಿ ಕಾಣುವುದಿಲ್ಲ, ಅಲ್ಲಿ ಸಿಗುತ್ತದೆ.

ನನ್ನ ಮೊದಲ ಆಯ್ಕೆ ಜೂಲಿಪ್. 2015ರಲ್ಲಿ ಓಪನ್ ಸೋರ್ಸ್ ಆದ ಈ ಚಾಟ್ ತಂತ್ರಾಂಶದ ಸರ್ವರ್ ಜಾಂಗೋದಲ್ಲಿದೆ. ಅದರ ಟೆಸ್ಟ್‌ಗಳು, ಕಮಿಟ್ ಸಂದೇಶಗಳ ಶಿಸ್ತು, ಹೊಸಬರಿಗೆಂದೇ ಬರೆದ ವಿವರಣೆ ಎಲ್ಲವೂ ಪಾಠ. ತೀರಾ ದೊಡ್ಡದೆನಿಸಿದರೆ ಜಾಂಗೋದ ಅಧಿಕೃತ ವೆಬ್‌ಸೈಟಿನ ಕೋಡ್ ಕೂಡ ಮುಕ್ತವಾಗಿಯೇ ಇದೆ. ರೈಲ್ಸ್ ಕಲಿಯುವವರಿಗೆ ಡಿಸ್ಕೋರ್ಸ್, ಮಾಸ್ಟಡಾನ್ ಇವೆ.

ಇಡೀ ಪ್ರಾಜೆಕ್ಟ್ ಓದಲು ಹೋಗಬೇಡಿ. ಒಂದೇ ಒಂದು ಯುಆರ್‌ಎಲ್ ಹಿಡಿದು ವ್ಯೂ, ಮಾಡೆಲ್, ಟೆಸ್ಟ್ ತನಕ ಹೋಗಿ ಬನ್ನಿ. ನೀವು ಹೀಗೆ ಓದಿ ಕಲಿತ ಪ್ರಾಜೆಕ್ಟ್ ಇದ್ದರೆ ಹೆಸರು ಹೇಳಿ, ನಾನೂ ಓದುತ್ತೇನೆ.